ಅಂತರದ ಲೆಕ್ಕ: ಇಪ್ಪತ್ತೆರಡಕ್ಕೆ ಒಂದು, ಮೂವತ್ತಾರಕ್ಕೆ ಇನ್ನೊಂದು

ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತ ಮಕ್ಕಳ ವಿಚಾರದಲ್ಲಿ ಎರಡು ಬಗೆಯ ನಡಿಗೆ ಇದೆ. ಶಿಗ್ಗಾವಿ, ರೋಣ, ಕಲಘಟಗಿ ಕಡೆಯ ಎಷ್ಟೋ ಮನೆಗಳಲ್ಲಿ ಇಪ್ಪತ್ತರ ಆಸುಪಾಸಿನಲ್ಲಿ ಮದುವೆ, ವರ್ಷ ತುಂಬುವುದರೊಳಗೆ ಕುಬಸ (ಸೀಮಂತ), ಮೊದಲ ಕೂಸು ಸರಿಯಾಗಿ ನಡೆಯುವ ಮೊದಲೇ ಎರಡನೆಯ ಬಸಿರು, ಇಪ್ಪತ್ನಾಲ್ಕಕ್ಕೆ ಆಪರೇಶನ್. "ಎರಡ ಆಗಿಬಿಡ್ಲಿ, ಮುಗಿಸಿಬಿಡೂಣು" ಅನ್ನುವ ಮಾತು ಅತ್ತೆಯ ಬಾಯಲ್ಲೂ ಬರುತ್ತದೆ, ಸೊಸೆಯ ಬಾಯಲ್ಲೂ ಬರುತ್ತದೆ. ಇತ್ತ ವಿದ್ಯಾನಗರ, ಸಪ್ತಾಪುರ, ನವನಗರದ ಮನೆಗಳಲ್ಲಿ ಓದು, ಸ್ಪರ್ಧಾತ್ಮಕ ಪರೀಕ್ಷೆ, ನೌಕರಿ ಕಾಯಂ ಆಗುವುದು, ಮನೆ ಸಾಲ ಎಲ್ಲ ದಾಟಿ ಮದುವೆಯಾಗುವ ಹೊತ್ತಿಗೆ ಮೂವತ್ತು ಮೂವತ್ತೊಂದು. ಮೊದಲ ಮಗುವಿಗೆ ಮೂವತ್ತಮೂರು. "ಇದೊಂದು ಸಾಲಿಗೆ ಹೋಗ್ಲಿ, ಆಮ್ಯಾಲ ಇನ್ನೊಂದ ನೋಡೂಣು" ಅನ್ನುವುದು ಇಲ್ಲಿಯ ಮಾತು.

ಇಬ್ಬರಿಗೂ ಸಿಗುವ ಸಲಹೆ ಮಾತ್ರ ಒಂದೇ: ಮೂರು ವರ್ಷದ ಅಂತರ ಇಡಿ. ಮೊದಲನೆಯವಳಿಗೆ ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲ, ಆದರೆ ಅವಳು ಕೇಳುವುದಿಲ್ಲ, ಅಥವಾ ಅವಳ ಮಾತು ಮನೆಯಲ್ಲಿ ನಡೆಯುವುದಿಲ್ಲ. ಎರಡನೆಯವಳು ಅದನ್ನು ಶ್ರದ್ಧೆಯಿಂದ ಪಾಲಿಸುತ್ತಾಳೆ, ಮತ್ತು ಅವಳಿಗೆ ಅದು ಕೆಲವೊಮ್ಮೆ ದುಬಾರಿಯಾಗುತ್ತದೆ. ಅಂತರ ಮತ್ತು ವಯಸ್ಸು ಬೇರೆಬೇರೆ ಪ್ರಶ್ನೆಗಳಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಉತ್ತರ ಹೇಳಿದರೆ ಲೆಕ್ಕ ತಪ್ಪುತ್ತದೆ.

ಆ ಮೂರು ವರ್ಷ ಎಲ್ಲಿಂದ ಬಂತು? 2005ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಿನೀವಾದಲ್ಲಿ ತಜ್ಞರನ್ನು ಕೂಡಿಸಿತು. ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಪ್ರಯತ್ನಿಸುವ ಮೊದಲು ಕನಿಷ್ಠ 24 ತಿಂಗಳು ಬಿಡಬೇಕು ಎಂಬುದು ಆ ಸಭೆಯ ಸಲಹೆ. ಎರಡು ವರ್ಷ ಎದೆಹಾಲು ಕುಡಿಸಬೇಕೆಂಬ ಮೊದಲಿನ ಸಲಹೆಗೂ ಅದು ಹೊಂದುತ್ತಿತ್ತು. ಇದು ಹೆರಿಗೆಯಿಂದ ಬಸಿರಿನವರೆಗಿನ ಅಂತರ. ಒಂಬತ್ತು ತಿಂಗಳು ಕೂಡಿಸಿದರೆ ಒಂದು ಮಗುವಿನಿಂದ ಇನ್ನೊಂದು ಮಗುವಿಗೆ 33 ತಿಂಗಳು, ಅಂದರೆ ಹತ್ತಿರಹತ್ತಿರ ಮೂರು ವರ್ಷ. ಮೊದಲ ಮಗುವಾಗಿ ಮೂರು ವರ್ಷದ ಅಂತರ ಉಳಿಸಿದರೆ ಆಶಾ ಕಾರ್ಯಕರ್ತೆಗೆ 500 ರೂಪಾಯಿ ಪ್ರೋತ್ಸಾಹಧನ ಕೊಡುವ ಕೇಂದ್ರದ ಯೋಜನೆ 2012ರಲ್ಲಿ ಶುರುವಾಯಿತು. ಅಲ್ಲಿಯೂ ಅದೇ ಮೂರು ವರ್ಷ. ಜನರು ಇಲ್ಲೇ ಎಡವುತ್ತಾರೆ. "ಮೂರು ವರ್ಷ" ಅಂದಾಗ ಮಗುವಿಗೆ ಮೂರು ತುಂಬಿದ ಮೇಲೆ ಪ್ರಯತ್ನ ಶುರು ಮಾಡುತ್ತಾರೆ. ಬಸಿರು ನಿಲ್ಲುವುದಕ್ಕೆ ಆರೆಂಟು ತಿಂಗಳು, ಹೊರುವುದಕ್ಕೆ ಒಂಬತ್ತು ತಿಂಗಳು ಸೇರಿ ಅದು ನಾಲ್ಕೂವರೆ ವರ್ಷದ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ದಂಪತಿಗಳು ತಮ್ಮ ವಯಸ್ಸು, ಬಸಿರಾಗುವ ಶಕ್ತಿ, ಎಷ್ಟು ಮಕ್ಕಳು ಬೇಕೆಂಬ ಆಸೆ, ಹತ್ತಿರದಲ್ಲಿ ಸಿಗುವ ಆರೋಗ್ಯ ಸೇವೆ ಇವನ್ನೂ ತೂಗಿ ನೋಡಬೇಕು ಎಂದು ಜಿನೀವಾದ ಅದೇ ವರದಿ ಹೇಳಿತ್ತು. ಸಲಹೆ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಬರಹವಾಗುವ ಹೊತ್ತಿಗೆ ಆ ಸಾಲು ಉದುರಿಹೋಯಿತು.

ವಯಸ್ಸಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೆಣ್ಣುಮಗುವಿನ ಅಂಡಾಣುಗಳೆಲ್ಲ ಅದು ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ತಯಾರಾಗಿಬಿಟ್ಟಿರುತ್ತವೆ. ಐದು ತಿಂಗಳ ಭ್ರೂಣದಲ್ಲಿ ಸುಮಾರು 60–70 ಲಕ್ಷ, ಹುಟ್ಟುವಾಗ 10–20 ಲಕ್ಷ, ಮೈನೆರೆಯುವಾಗ 3–5 ಲಕ್ಷ, ಮೂವತ್ತೇಳರ ಸುಮಾರಿಗೆ 25 ಸಾವಿರ. ಜೀವಮಾನದಲ್ಲಿ ಬಿಡುಗಡೆಯಾಗುವುದು 400–500 ಮಾತ್ರ, ಉಳಿದವು ತಮ್ಮಷ್ಟಕ್ಕೆ ಕರಗುತ್ತವೆ. ಮಾತ್ರೆ ತಿಂದು ಮುಟ್ಟು ನಿಲ್ಲಿಸಿದರೆ ಅಂಡಾಣು ಉಳಿತಾಯವಾಗುತ್ತದೆ ಎಂಬ ನಂಬಿಕೆ ಅದಕ್ಕೇ ಸುಳ್ಳು. ಇನ್ನು, ಸಂಖ್ಯೆಗಿಂತ ದೊಡ್ಡ ತೊಂದರೆ ಗುಣಮಟ್ಟದ್ದು. ಮೂವತ್ತೆಂಟರ ಹೆಣ್ಣಿನ ಅಂಡಾಣುವಿಗೂ ಮೂವತ್ತೆಂಟು ವರ್ಷ ಆಗಿರುತ್ತದೆ. ಅದರೊಳಗೆ ವರ್ಣತಂತುಗಳನ್ನು (ಕ್ರೋಮೊಸೋಮುಗಳನ್ನು) ಜೋಡಿಯಾಗಿ ಹಿಡಿದಿಟ್ಟ ಪ್ರೋಟೀನುಗಳು ಅಷ್ಟೂ ಕಾಲ ಸವೆದಿರುತ್ತವೆ. ಕೊನೆಯ ಹಂತದಲ್ಲಿ ಜೋಡಿ ಬಿಡಿಸಿಕೊಳ್ಳುವಾಗ ಒಂದು ಹೆಚ್ಚು ಒಂದು ಕಡಿಮೆ ಆಗುತ್ತದೆ. ಬಸಿರು ನಿಲ್ಲದಿರುವುದು, ನಿಂತರೂ ಎರಡು ತಿಂಗಳಿಗೆ ಇಳಿದುಹೋಗುವುದು, ಮಗುವಿನ ಬುದ್ಧಿ-ಬೆಳವಣಿಗೆ ಹಿಂದೆ ಬೀಳುವ ಡೌನ್ ಸಿಂಡ್ರೋಮ್, ಈ ಮೂರಕ್ಕೂ ಬೇರು ಬಹುಪಾಲು ಇದೇ. ಡೌನ್ ಸಿಂಡ್ರೋಮಿನ ಮಗು ಹುಟ್ಟುವ ಸಾಧ್ಯತೆ ಮೂವತ್ತೈದರಲ್ಲಿ ಸುಮಾರು 350ಕ್ಕೆ ಒಂದು, ನಲವತ್ತರಲ್ಲಿ 100ಕ್ಕೆ ಒಂದು, ನಲವತ್ತೈದರಲ್ಲಿ 30ಕ್ಕೆ ಒಂದು. ಗರ್ಭಪಾತ ಇಪ್ಪತ್ತರ ಕೊನೆಯಲ್ಲಿ ಹತ್ತರಲ್ಲಿ ಒಂದು, ನಲವತ್ತು ದಾಟಿದ ಮೇಲೆ ಸುಮಾರು ಮೂರರಲ್ಲಿ ಒಂದು.

ಯಾವ ತಡೆಯನ್ನೂ ಬಳಸದೆ, ಇಷ್ಟೇ ಮಕ್ಕಳು ಸಾಕು ಎಂಬ ಲೆಕ್ಕವನ್ನೂ ಇಡದೆ ಇದ್ದರೆ ಹೆಣ್ಣಿನ ದೇಹ ಎಲ್ಲಿಯವರೆಗೆ ಹೆರುತ್ತದೆ? ಫ್ರಾನ್ಸಿನ ಜನಸಂಖ್ಯಾ ತಜ್ಞ ಲೂಯಿ ಆನ್ರಿ 1961ರಲ್ಲಿ ಇಂಥ ಸಮುದಾಯಗಳ ಹೆರಿಗೆಗೆ ಸಹಜ ಫಲವತ್ತತೆ ಎಂಬ ಹೆಸರು ಕೊಟ್ಟ. ಅದಕ್ಕೆ ಎಲ್ಲರೂ ಎತ್ತಿ ತೋರಿಸುವ ಉದಾಹರಣೆ ಉತ್ತರ ಅಮೆರಿಕದ ಹಟರೈಟ್ ಎಂಬ ಧಾರ್ಮಿಕ ಸಮುದಾಯ. ಕಳೆದ ಶತಮಾನದ ಮೊದಲರ್ಧದಲ್ಲಿ ಅಲ್ಲಿ ಮದುವೆಯಾದ ಹೆಣ್ಣಿಗೆ ಸರಾಸರಿ ಹತ್ತಕ್ಕೂ ಹೆಚ್ಚು ಮಕ್ಕಳು. ಊಟಕ್ಕೆ, ಔಷಧಕ್ಕೆ ಕೊರತೆ ಇರಲಿಲ್ಲ. ಅಷ್ಟಿದ್ದೂ 1957ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮೂವತ್ನಾಲ್ಕರ ಹೊತ್ತಿಗೆ ನೂರರಲ್ಲಿ 11 ಹೆಂಗಸರಿಗೆ ಹೆರುವುದು ನಿಂತಿತ್ತು, ನಲವತ್ತಕ್ಕೆ 33 ಜನರಿಗೆ, ನಲವತ್ತೈದಕ್ಕೆ 87 ಜನರಿಗೆ. ಕೊನೆಯ ಮಗುವಾದಾಗ ತಾಯಿಯ ಸರಾಸರಿ ವಯಸ್ಸು ನಲವತ್ತೊಂದರ ಹತ್ತಿರ.

ಆ ಹೆಂಗಸರಿಗೆ ನಲವತ್ತೊಂದಕ್ಕೆ ಮುಟ್ಟೇನೂ ನಿಂತಿರಲಿಲ್ಲ. ಬಸಿರಾಗುವ ಶಕ್ತಿ ಮುಗಿಯುವುದಕ್ಕೂ ಮುಟ್ಟು ನಿಲ್ಲುವುದಕ್ಕೂ ನಡುವೆ ಹತ್ತಿರಹತ್ತಿರ ಹತ್ತು ವರ್ಷ ಇರುತ್ತದೆ. "ನನಗ ತಿಂಗಳಾ ಕರೆಕ್ಟ್ ಆಗ್ತೈತ್ರಿ, ಏನೂ ತೊಂದ್ರಿ ಇಲ್ಲ" ಅನ್ನುವ ಮೂವತ್ತೊಂಬತ್ತರ ಹೆಣ್ಣುಮಗಳ ಮಾತು ನಿಜವೇ, ಆದರೆ ಅದರಿಂದ ತೀರ್ಮಾನಕ್ಕೆ ಬರಲಾಗುವುದಿಲ್ಲ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ನಲವತ್ತಾರು-ನಲವತ್ತೇಳು, ಪಾಶ್ಚಾತ್ಯ ದೇಶಗಳಿಗಿಂತ ನಾಲ್ಕೈದು ವರ್ಷ ಮೊದಲು. ತಂಬಾಕಿನ ಹೊಗೆ ಅದನ್ನು ಇನ್ನೂ ಒಂದೆರಡು ವರ್ಷ ಬೇಗ ತರುತ್ತದೆ. ಮೈ ಮುನ್ಸೂಚನೆ ಕೊಟ್ಟರೂ ಅದು ಬಹಳ ಸಣ್ಣದು: ಮೊದಲು 29 ದಿನಕ್ಕೆ ಬರುತ್ತಿದ್ದ ಮುಟ್ಟು 26ಕ್ಕೆ, 25ಕ್ಕೆ ಬರತೊಡಗುತ್ತದೆ. ನಿಯಮಿತವಾಗಿಯೇ ಇರುವುದರಿಂದ ಯಾರೂ ಗಮನಿಸುವುದಿಲ್ಲ.

ಈಗ ತಿಂಗಳ ಲೆಕ್ಕ. ಇಪ್ಪತ್ತೈದರ ಆಸುಪಾಸಿನ ಆರೋಗ್ಯವಂತ ಜೋಡಿಗೆ ಒಂದು ತಿಂಗಳಲ್ಲಿ ಬಸಿರು ನಿಲ್ಲುವ ಸಾಧ್ಯತೆ ಶೇ 25ರಷ್ಟು. ನಲವತ್ತರ ಹೊತ್ತಿಗೆ ಅದು ಶೇ 5ಕ್ಕೆ ಬರುತ್ತದೆ. ಮೂವತ್ತೇಳು-ಮೂವತ್ತೆಂಟರಲ್ಲಿ ನಡುವೆ ಎಲ್ಲೋ, ಶೇ 10 ಎಂದು ಹಿಡಿಯೋಣ. ಶೇ 25 ಇದ್ದಾಗ ಆರು ತಿಂಗಳಲ್ಲಿ ನೂರರಲ್ಲಿ 82 ಜನರಿಗೆ ನಿಲ್ಲುತ್ತದೆ. ಶೇ 10 ಇದ್ದಾಗ ಆರು ತಿಂಗಳಿಗೆ 47 ಜನರಿಗೆ, ವರ್ಷಕ್ಕೆ 72 ಜನರಿಗೆ. ಶೇ 5 ಇದ್ದಾಗ ವರ್ಷವಿಡೀ ಪ್ರಯತ್ನಿಸಿದರೂ 46 ಜನರಿಗೆ. ಅಂದರೆ ಬಾಗಿಲು ಒಮ್ಮೆಲೇ ಮುಚ್ಚುವುದಿಲ್ಲ, ಕಾಯುವ ಸಮಯ ಉದ್ದವಾಗುತ್ತ ಹೋಗುತ್ತದೆ. ಆ ಉದ್ದವಾದ ಸಮಯದಲ್ಲಿ ವಯಸ್ಸು ಇನ್ನೂ ಏರುತ್ತದೆ. ಎರಡನೆಯ ಮಗುವಿನ ಆಸೆ ಸೋಲುವುದು ಹೆಚ್ಚಾಗಿ ಇಲ್ಲೇ.

ನೆದರ್ಲೆಂಡ್ಸಿನ ಸಂಶೋಧಕರು 2015ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಹಿಂದುಮುಂದಾಗಿ ಪ್ರಶ್ನೆ ಕೇಳಿದರು: ಇಂತಿಷ್ಟು ಮಕ್ಕಳು ಆಗಿಯೇ ತೀರಬೇಕು, ನೂರರಲ್ಲಿ 90ರಷ್ಟು ಖಾತ್ರಿ ಬೇಕು ಅನ್ನುವವರು ಯಾವ ವಯಸ್ಸಿಗೆ ಪ್ರಯತ್ನ ಶುರು ಮಾಡಬೇಕು? ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಬೇಡ ಅನ್ನುವವರಿಗೆ ಒಂದು ಮಗುವಿಗೆ 32, ಎರಡಕ್ಕೆ 27, ಮೂರಕ್ಕೆ 23. ಐವಿಎಫ್‌ಗೂ ಸಿದ್ಧ ಅನ್ನುವವರಿಗೆ 35, 31, 28. ಗಮನಿಸಿ, ಐವಿಎಫ್ ಕೊಟ್ಟದ್ದು ಮೂರರಿಂದ ಐದು ವರ್ಷ ಅಷ್ಟೇ. ಹುಬ್ಬಳ್ಳಿಯ ಜಾಹೀರಾತು ಫಲಕಗಳಲ್ಲಿ ನಗುವ ಕೂಸುಗಳನ್ನು ನೋಡಿದರೆ ಮೂವತ್ತು ವರ್ಷ ಕೊಟ್ಟಂತೆ ಕಾಣುತ್ತದೆ. 27 ಎಂಬ ಸಂಖ್ಯೆ ನೋಡಿ ಗಾಬರಿಪಡಬೇಕಿಲ್ಲ. 90ರ ಖಾತ್ರಿ ಬೇಡ, 75 ಸಾಕು ಅಂದರೆ ವಯಸ್ಸು ಎಷ್ಟೋ ವರ್ಷ ಮುಂದಕ್ಕೆ ಹೋಗುತ್ತದೆ. ಆದರೆ ಎಷ್ಟು ಖಾತ್ರಿ ಬೇಕು ಎಂಬ ಮಾತು ಗಂಡ-ಹೆಂಡತಿಯ ನಡುವೆ ಒಮ್ಮೆಯಾದರೂ ಆಗಬೇಕಲ್ಲ. ನಮ್ಮಲ್ಲಿ ಎಷ್ಟು ಮಕ್ಕಳು ಎಂಬುದನ್ನು ಮಾತಾಡುತ್ತಾರೆ, ಎಷ್ಟು ಖಾತ್ರಿ ಎಂಬುದನ್ನಲ್ಲ.

ಮೂವತ್ತೊಂದಕ್ಕೆ ಮದುವೆಯಾದವಳ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಬೇಕು. ಎರಡನೆಯ ಮಗು ಮೂವತ್ತೇಳರೊಳಗೆ ಆಗಬೇಕು ಅಂದುಕೊಳ್ಳಿ. ಹೊರುವುದಕ್ಕೆ ಒಂಬತ್ತು ತಿಂಗಳು, ನಿಲ್ಲುವುದಕ್ಕೆ ಒಂದು ವರ್ಷ ಎಂದು ಹಿಡಿದರೆ ಪ್ರಯತ್ನ ಮೂವತ್ತೈದೂಕಾಲಿಗೆ ಶುರುವಾಗಬೇಕು. ಅದಕ್ಕಿಂತ ಒಂದೂವರೆ ವರ್ಷ ಮೊದಲು, ಮೂವತ್ತಮೂರೂಮುಕ್ಕಾಲಿಗೆ, ಮೊದಲ ಹೆರಿಗೆ. ಅದಕ್ಕೂ ಒಂಬತ್ತು ಪ್ಲಸ್ ಎಂಟು ತಿಂಗಳು ಕಳೆದರೆ ಮೂವತ್ತೆರಡೂಕಾಲು. ಅಂದರೆ ಮದುವೆಯಾಗಿ ಒಂದು ವರ್ಷ ತಿರುಗಾಡಿಕೊಂಡು ಇರಬಹುದು, ಮೂರು ವರ್ಷ ಅಲ್ಲ. ನಡುವೆ ಒಂದು ಗರ್ಭ ಇಳಿದುಹೋದರೆ ನಾಲ್ಕೈದು ತಿಂಗಳು ಜಾರುತ್ತದೆ. ಅದಕ್ಕೂ ಜಾಗ ಇಟ್ಟುಕೊಳ್ಳಬೇಕು.

ಹಾಗಾದರೆ ತಡವಾಗಿ ಹೆತ್ತವರು ಅಂತರವನ್ನು ಎಲ್ಲಿಯವರೆಗೆ ಕಡಿಮೆ ಮಾಡಬಹುದು? ಇಲ್ಲಿ ಉತ್ತರ ಹೇಳಬೇಕಾದದ್ದು ಕ್ಯಾಲೆಂಡರ್ ಅಲ್ಲ, ರಕ್ತ ಮತ್ತು ಹೊಲಿಗೆ. ಒಂದು ಬಸಿರಿಗೆ ಒಟ್ಟು ಸುಮಾರು 1,000 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೆ ಅದರೊಂದಿಗೆ 200 ಮಿಲಿಗ್ರಾಂನಷ್ಟು ಹೋಗುತ್ತದೆ. ಇದನ್ನು ತುಂಬಿಕೊಳ್ಳಲು ಚೆನ್ನಾಗಿ ಉಂಡವರಿಗೂ ತಿಂಗಳುಗಟ್ಟಲೆ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಅಂಥ ಮೈ ಆರು ತಿಂಗಳಲ್ಲಿ ಮತ್ತೆ ಬಸಿರಾದರೆ ಕೂಸು ತೂಕ ಕಡಿಮೆ ಇಟ್ಟುಕೊಂಡು, ದಿನ ತುಂಬುವ ಮೊದಲೇ ಬರುವ ಅಪಾಯ ಹೆಚ್ಚು. ಹೆರಿಗೆಯ ನಂತರ 180 ದಿನ, ದಿನಕ್ಕೊಂದು, 60 ಮಿಲಿಗ್ರಾಂ ಕಬ್ಬಿಣಾಂಶದ ಗುಳಿಗೆಯನ್ನು ಸರ್ಕಾರವೇ ಪುಕ್ಕಟೆ ಕೊಡುತ್ತದೆ. ಬಹಳ ಜನ ಅದನ್ನು ಆಸ್ಪತ್ರೆಯಿಂದ ಬಂದ ತಿಂಗಳಿಗೇ ಬಿಡುತ್ತಾರೆ. ನುಂಗುವವರೂ ಹಾಲಿನ ಜೊತೆ, ಇಲ್ಲವೇ ರೊಟ್ಟಿ ಉಂಡು ಚಹಾ ಕುಡಿಯುತ್ತ ನುಂಗುತ್ತಾರೆ. ಚಹಾ, ಹಾಲು, ಕ್ಯಾಲ್ಸಿಯಂ ಗುಳಿಗೆ ಮೂರೂ ಕಬ್ಬಿಣಾಂಶ ಹತ್ತದಂತೆ ತಡೆಯುತ್ತವೆ. ಎರಡು ತಾಸಿನ ಅಂತರ ಇರಲಿ, ಲಿಂಬೆಹಣ್ಣಿನ ಪಾನಕದ ಜೊತೆಯಾದರೆ ಒಳ್ಳೆಯದು. ಬಾಣಂತಿಗೆ ಕೊಡುವ ಅಳ್ವಿ ಪಾಯಸ, ಅಂಟಿನುಂಡಿ ಪುಷ್ಟಿಗೆ ಸರಿ. ಅಳ್ವಿಯಲ್ಲಿ ಕಬ್ಬಿಣಾಂಶವೂ ಇದೆ. ಆದರೆ ಎಂಟಕ್ಕೆ ಇಳಿದ ಹಿಮೋಗ್ಲೋಬಿನ್ ಅದರಿಂದ ಮೇಲೇಳುವುದಿಲ್ಲ. ಹೆರಿಗೆಯಾಗಿ ಆರು ತಿಂಗಳಾದಾಗ ಒಂದು ಸಲ, ಮುಂದಿನ ಪ್ರಯತ್ನಕ್ಕೆ ಮೊದಲು ಇನ್ನೊಂದು ಸಲ ಹಿಮೋಗ್ಲೋಬಿನ್ ನೋಡಿಸಬೇಕು. ಬಸಿರಿಲ್ಲದಾಗ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಅದನ್ನು ಸರಿಮಾಡಿಕೊಂಡು ಮುಂದುವರಿಯುವುದೇ ಜಾಣತನ, ವಯಸ್ಸು ಎಷ್ಟೇ ಇರಲಿ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸುಮಾರು ಒಂದೂವರೆ ಲಕ್ಷ ಬಸಿರುಗಳನ್ನು ನೋಡಿದ ಅಧ್ಯಯನ 2018ರಲ್ಲಿ ಹೊರಬಂತು. ಹೆರಿಗೆಯಾಗಿ ಆರೇ ತಿಂಗಳಿಗೆ ಬಸಿರಾದರೆ ಮಗುವಿಗಿರುವ ಅಪಾಯ ಎಲ್ಲ ವಯಸ್ಸಿನವರಲ್ಲೂ ಏರಿತು, ಕಿರಿಯ ತಾಯಂದಿರಲ್ಲಿ ಸ್ವಲ್ಪ ಹೆಚ್ಚೇ. ತಾಯಿಯ ಜೀವಕ್ಕಿರುವ ಗಂಭೀರ ಅಪಾಯ ಮಾತ್ರ ಏರಿದ್ದು ಮೂವತ್ತೈದು ದಾಟಿದವರಲ್ಲಿ. 18 ತಿಂಗಳು ಬಿಟ್ಟವರಿಗೆ ಹೋಲಿಸಿದರೆ ಎರಡು ಪಟ್ಟಿಗೂ ಮೇಲೆ. "ವಯಸ್ಸಾಗಿದೆ, ಬೇಗ ಬೇಗ ಮುಗಿಸೋಣ" ಎಂಬ ಅವಸರಕ್ಕೆ ಇದೇ ಉತ್ತರ. ಹಾಗೆಯೇ 12ರಿಂದ 18 ತಿಂಗಳ ನಂತರ ಬಸಿರಾದವರಲ್ಲಿ ಅಪಾಯ ಅತಿ ಕಡಿಮೆ ಇತ್ತು, 24ಕ್ಕೇ ಕಾಯಬೇಕೆಂದು ಇರಲಿಲ್ಲ. ಹಿಮೋಗ್ಲೋಬಿನ್ ಸರಿ ಇರುವ, ಹತ್ತಿರದಲ್ಲಿ ಒಳ್ಳೆಯ ಆಸ್ಪತ್ರೆ ಇರುವ ಮೂವತ್ತೈದರ ಹೆಣ್ಣಿಗೆ ಒಂದರಿಂದ ಒಂದೂವರೆ ವರ್ಷ ನ್ಯಾಯವಾದ ಅಂತರ ಅನಿಸುವುದು ಇದರಿಂದಲೇ.

ಸಿಜೇರಿಯನ್ ಆಗಿದ್ದರೆ ಇನ್ನೊಂದು ಮಾತು ಸೇರುತ್ತದೆ. ಗರ್ಭಕೋಶದ ಗಾಯ ಮೇಲಿನ ಚರ್ಮದಂತೆ ಹದಿನೈದು ದಿನಕ್ಕೆ ಕೂಡುವುದಿಲ್ಲ. ಒಂದು ಹೆರಿಗೆಯಿಂದ ಇನ್ನೊಂದು ಹೆರಿಗೆಗೆ 18–19 ತಿಂಗಳಿಗಿಂತ ಕಡಿಮೆ ಇದ್ದು, ಎರಡನೆಯದನ್ನು ಸಹಜವಾಗಿ ಹೆರಲು ನೋಡಿದರೆ ನೋವಿನ ಹೊತ್ತಿನಲ್ಲಿ ಹಳೆಯ ಗಾಯ ಬಿರಿಯುವ ಅಪಾಯ ಹೆಚ್ಚು. ಅಂತರ ಎಷ್ಟೇ ಇದ್ದರೂ ಅಂಥ ಹೆರಿಗೆ ರಾತ್ರಿ ಹನ್ನೆರಡಕ್ಕೂ ಆಪರೇಶನ್ ಮಾಡಬಲ್ಲ, ರಕ್ತ ಸಿಗುವ ಕಡೆಯೇ ಆಗಬೇಕು. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಿಂದ ಆಂಬುಲೆನ್ಸ್ ಜಿಲ್ಲಾ ಕೇಂದ್ರ ಮುಟ್ಟುವ ವೇಳೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಸಿಜೇರಿಯನ್‌ಗಳು ಹೆಚ್ಚಿದಂತೆ ಮಾಸ (ಜರಾಯು, ಪ್ಲಾಸೆಂಟಾ) ಹಳೆಯ ಗಾಯದೊಳಗೆ ಬೇರುಬಿಟ್ಟುಕೊಳ್ಳುವ ಅಪಾಯವೂ ಏರುತ್ತದೆ. ಮೂರು ಮಕ್ಕಳು ಬೇಕೆನ್ನುವವರು ಮೊದಲ ಸಿಜೇರಿಯನ್ ನಿಜಕ್ಕೂ ಬೇಕಿತ್ತೇ ಎಂದು ಕೇಳುವ ಹಕ್ಕು ಉಳ್ಳವರು.

ಹಳ್ಳಿಯ ಇಪ್ಪತ್ತೆರಡರ ಹೆಣ್ಣುಮಗಳಿಗೆ ಅಂತರ ಕಡಿಮೆ ಮಾಡುವ ಈ ಲೆಕ್ಕ ಅನ್ವಯಿಸುವುದಿಲ್ಲ. ಅವಳ ಕೈಯಲ್ಲಿ ಹತ್ತು ವರ್ಷ ಇದೆ. ಅವಳ ಅವಸರ ಮೈಯದಲ್ಲ, ಮನೆಯದು. ಮೊದಲನೆಯದು ಹೆಣ್ಣಾದರೆ ಅವಸರ ಇನ್ನೂ ಹೆಚ್ಚುತ್ತದೆ. ಗಂಡಿಗಾಗಿ ಕಾದು ಕುಳಿತವರು ವರ್ಷ ತುಂಬುವವರೆಗೂ ಬಿಡುವುದಿಲ್ಲ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಜನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಅಂತರದ ಸಾಧನ ಬಳಸುವವರು ಅದರ ಮುಂದೆ ಬಹಳ ಕಡಿಮೆ. ಶುರುವಿನಿಂದ ನೇರವಾಗಿ ಕೊನೆಗೆ ಹಾರುವುದು ನಮ್ಮ ಭಾಗದ ರೂಢಿ. ಇಪ್ಪತ್ನಾಲ್ಕಕ್ಕೆ ಆಪರೇಶನ್ ಆದವಳ ಕೂಸಿಗೆ ಏನಾದರೂ ಆದರೆ, ಅಥವಾ ಮರುಮದುವೆಯಾದರೆ, ಅಂಡಾಣು ಸಾಗುವ ನಾಳವನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಇದೆ. ಅದು ಫಲಿಸುವುದು ಎಷ್ಟು ನಾಳ ಉಳಿದಿದೆ, ವಯಸ್ಸೆಷ್ಟು ಎಂಬುದರ ಮೇಲೆ.

ಯಾವ ಸಾಧನ ಎಂಬುದನ್ನು ಮುಂದಿನ ಮಗು ಯಾವಾಗ ಬೇಕು ಎಂಬುದರಿಂದ ಆರಿಸಬೇಕು. ಹೆರಿಗೆಯಾದ 48 ತಾಸಿನೊಳಗೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಹಾಕಿಸಬಹುದು. ಅದು ತಪ್ಪಿದರೆ ಆರು ವಾರದ ಮೇಲೆ. ಅದರಲ್ಲಿ 380ಎ ಎಂಬ ಬಗೆ ಹತ್ತು ವರ್ಷ, 375 ಎಂಬುದು ಐದು ವರ್ಷ ಬಾಳುತ್ತದೆ, ಬೇಡವಾದ ದಿನ ತೆಗೆಸಿದರೆ ಮುಂದಿನ ತಿಂಗಳಿಂದಲೇ ಬಸಿರಾಗಬಹುದು. ಅದು ಎದೆಗೆ ಏರುತ್ತದೆ ಎಂಬುದು ಬರೀ ಸುದ್ದಿ. ಮೊದಲ ಕೆಲವು ತಿಂಗಳು ಸ್ರಾವ ಹೆಚ್ಚಾಗುವುದು ಮಾತ್ರ ನಿಜ, ರಕ್ತ ಕಡಿಮೆ ಇರುವವರು ಗುಳಿಗೆ ಬಿಡಬಾರದು. ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಎದೆಹಾಲಿಗೆ ತೊಂದರೆ ಇಲ್ಲ, ಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ತೆಗೆದುಕೊಳ್ಳಬಹುದು. ಆದರೆ ಕೊನೆಯ ಚುಚ್ಚುಮದ್ದಿನ ನಂತರ ಬಸಿರಾಗುವ ಶಕ್ತಿ ಮರಳಲು ಸರಾಸರಿ 7ರಿಂದ 10 ತಿಂಗಳು ಹಿಡಿಯುತ್ತದೆ. ಇಪ್ಪತ್ತೆರಡರವಳಿಗೆ ಇದು ಲೆಕ್ಕಕ್ಕಿಲ್ಲ. ಮೂವತ್ತಾರರವಳಿಗೆ ಅಂತರಾ ಬರೆದುಕೊಡುವಾಗ ಈ ಮಾತು ಹೇಳದಿದ್ದರೆ ಅವಳ ಒಂದು ವರ್ಷವನ್ನೇ ತೆಗೆದುಕೊಂಡಂತೆ. ಛಾಯಾ ಗುಳಿಗೆ ಲಖನೌನ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು, ಹಾರ್ಮೋನು ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಬಹಳ ಜನ ಬಿಡುವುದು ಯಾಕೆಂದರೆ ಮುಟ್ಟು ಹಿಂದೆ ಬಿದ್ದು ಬಸಿರಾಯಿತೋ ಏನೋ ಎಂಬ ಹೆದರಿಕೆ ಹುಟ್ಟುತ್ತದೆ. ಅದು ಗುಳಿಗೆಯ ಗುಣ. ಹದಿನೈದು ದಿನ ದಾಟಿದರೆ ಪರೀಕ್ಷೆ ಮಾಡಿಕೊಂಡರಾಯಿತು. ದಿನಾ ನುಂಗುವ ಹಾರ್ಮೋನು ಗುಳಿಗೆ ಮಾಲಾ-ಎನ್ ಎದೆಹಾಲು ಕೊಡುವವರಿಗೆ ಮೊದಲ ಆರು ತಿಂಗಳು ಬೇಡ.

ಎದೆಹಾಲೇ ತಡೆ ಎಂಬ ನಂಬಿಕೆ ಅರ್ಧ ನಿಜ. ಮೂರೂ ಷರತ್ತು ಒಟ್ಟಿಗೆ ಇದ್ದರೆ ಶೇ 98ರಷ್ಟು ರಕ್ಷಣೆ: ಕೂಸಿಗೆ ಆರು ತಿಂಗಳೊಳಗೆ, ಮುಟ್ಟು ಇನ್ನೂ ಶುರುವಾಗಿಲ್ಲ, ಹಗಲು-ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಇಲ್ಲ. ಬಾಟಲಿ ಹಾಲು ಬಂತೆಂದರೆ, ರಾತ್ರಿ ಅಜ್ಜಿಯ ಮಗ್ಗುಲಲ್ಲಿ ಕೂಸು ಮಲಗತೊಡಗಿತೆಂದರೆ ಷರತ್ತು ಮುರಿಯಿತು. ಮೊದಲ ಮುಟ್ಟು ಬಂದ ಮೇಲೆ ನೋಡೋಣ ಅನ್ನುವುದೂ ತಪ್ಪು, ಅಂಡಾಣು ಬಿಡುಗಡೆಯಾಗುವುದು ಮುಟ್ಟಿಗೆ ಎರಡು ವಾರ ಮೊದಲೇ. ಹಾಲು ಕೊಡದವರಲ್ಲಿ ಹೆರಿಗೆಯಾದ ನಾಲ್ಕನೆಯ ವಾರಕ್ಕೇ ಬಿಡುಗಡೆಯಾಗಬಹುದು. ತವರುಮನೆಯಲ್ಲಿ ಐದು ತಿಂಗಳ ಬಾಣಂತನ ನಮ್ಮ ಭಾಗದಲ್ಲಿ ಸದ್ದಿಲ್ಲದೆ ಅಂತರ ಕಾಯ್ದಿತ್ತು. ಈಗ ಅದು ಎರಡು ತಿಂಗಳಿಗೆ ಇಳಿದಿದೆ. ಎರಡನೆಯ ಬಾಣಂತನವಂತೂ ಗಂಡನ ಮನೆಯಲ್ಲೇ. ಮೂವತ್ತೈದು ದಾಟಿ ಎರಡನೆಯದಕ್ಕೆ ನೋಡುತ್ತಿರುವವರಿಗೆ ಇದರ ತಿರುಗು ಮಾತು ಅನ್ವಯ: ಮಗುವಿಗೆ ವರ್ಷವಾದರೂ ಮುಟ್ಟು ಮರಳದಿದ್ದರೆ ಹಾಲು ಪೂರ್ತಿ ಬಿಡಿಸಬೇಕಿಲ್ಲ, ರಾತ್ರಿಯ ಹಾಲು ಕಡಿಮೆ ಮಾಡಿದರೆ ಸಾಮಾನ್ಯವಾಗಿ ಚಕ್ರ ಮರಳುತ್ತದೆ.

ಬಸಿರು ನಿಲ್ಲುವ ದಿನಗಳು ಆರು: ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು. ವೀರ್ಯಾಣು ಐದು ದಿನ ಬದುಕುತ್ತದೆ, ಅಂಡಾಣು ಒಂದು ದಿನ ಮಾತ್ರ. ಬಿಡುಗಡೆ ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 28 ದಿನದವರಿಗೆ ಹದಿನಾಲ್ಕನೆಯ ದಿನ, 25 ದಿನದವರಿಗೆ ಹನ್ನೊಂದನೆಯ ದಿನ, 35 ದಿನದವರಿಗೆ ಇಪ್ಪತ್ತೊಂದನೆಯ ದಿನ. ಮೊಟ್ಟೆಯ ಬಿಳಿಯಂತೆ ಜಾರುವ, ಎಳೆದರೆ ಎಳೆಯಾಗುವ ಸ್ರಾವ ಆ ದಿನಗಳ ಗುರುತು. ಒಂದು ದಿನ ಬಿಟ್ಟು ಒಂದು ದಿನ ಕೂಡಿದರೆ ಯಾವ ಲೆಕ್ಕವೂ ಬೇಕಿಲ್ಲ. ಆದರೆ ಗಂಡ ಬೆಂಗಳೂರಿನಲ್ಲಿದ್ದು ಶನಿವಾರ ಬೆಳಿಗ್ಗೆ ರಾತ್ರಿ ರೈಲಿನಿಂದ ಇಳಿದು, ರವಿವಾರ ರಾತ್ರಿ ಮತ್ತೆ ರೈಲು ಹತ್ತುವ ಮನೆಗಳು ಹುಬ್ಬಳ್ಳಿ-ಗದಗಿನಲ್ಲಿ ಎಷ್ಟಿಲ್ಲ! ಅಲ್ಲೊಂದು ಯಾರೂ ಗಮನಿಸದ ತೊಡಕಿದೆ. ಮುಟ್ಟು ಸರಿಯಾಗಿ 28 ದಿನಕ್ಕೆ ಬರುವವಳಿಗೆ, ನಾಲ್ಕು ವಾರಕ್ಕೆ 28 ದಿನ ಆಗುವುದರಿಂದ, ಅಂಡಾಣು ಪ್ರತಿ ಸಲ ಒಂದೇ ವಾರದ ದಿನ ಬಿಡುಗಡೆಯಾಗುತ್ತದೆ. ಅದು ಸೋಮವಾರವಾದರೆ ಪುಣ್ಯ. ಶುಕ್ರವಾರವಾದರೆ ಹಿಂದಿನ ರವಿವಾರ ಐದು ದಿನ ಹಿಂದೆ ಬಿತ್ತು, ಸಾಧ್ಯತೆ ಬಹಳ ಕಡಿಮೆ. ಗಂಡ ಇಳಿಯುವ ಶನಿವಾರ ತಡವಾಯಿತು. ತಿಂಗಳು ತಿಂಗಳು ಇದೇ ನಡೆಯುತ್ತದೆ. ಇಬ್ಬರಿಗೂ ಏನೂ ದೋಷವಿಲ್ಲದೆ ವರ್ಷ ಕಳೆಯುತ್ತದೆ, ಆಮೇಲೆ ಪರೀಕ್ಷೆಗಳ ಸರಮಾಲೆ. ಮೊದಲು ಮಾಡಬೇಕಾದದ್ದು ಬುಧವಾರ-ಗುರುವಾರಕ್ಕೆ ಎರಡು ದಿನದ ರಜೆ.

ಗರ್ಭಪಾತದ ನಂತರ ಆರು ತಿಂಗಳು ಬಿಡಬೇಕು ಎಂಬುದು ಕೂಡ 2005ರ ಸಭೆಯದೇ ಮಾತು. 2010ರಲ್ಲಿ ಸ್ಕಾಟ್ಲೆಂಡಿನ ಮೂವತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ದಾಖಲೆ ನೋಡಿದಾಗ, ಆರು ತಿಂಗಳೊಳಗೆ ಮತ್ತೆ ಬಸಿರಾದವರಿಗೆ ಫಲಿತಾಂಶ ಕೆಟ್ಟದಾಗಿರಲಿಲ್ಲ, ತುಸು ಚೆನ್ನಾಗಿಯೇ ಇತ್ತು. ಮೊದಲ ಮೂರು ತಿಂಗಳಲ್ಲಿ ಇಳಿದುಹೋಗಿ, ಪೂರ್ತಿ ಸ್ವಚ್ಛವಾಗಿ, ರಕ್ತ ಸರಿ ಇದ್ದರೆ ದಿನ ಎಣಿಸಲು ಅನುಕೂಲವಾಗಲೆಂದು ಒಂದು ಮುಟ್ಟು ನೋಡಿದರೆ ಸಾಕು, ಉಳಿದದ್ದು ಮನಸ್ಸಿಗೆ ಬಿಟ್ಟದ್ದು. ಎರಡು ಕಡೆ ಮಾತ್ರ ಕಾಯಲೇಬೇಕು. ದ್ರಾಕ್ಷಿ ಗೊಂಚಲಿನಂತೆ ಬೆಳೆಯುವ ಮೋಲಾರ್ ಬಸಿರು ಆಗಿದ್ದರೆ ರಕ್ತಪರೀಕ್ಷೆಯ ಗಡುವು ಮುಗಿಯುವವರೆಗೆ, ನಾಳದ ಬಸಿರಿಗೆ ಮೆಥೋಟ್ರೆಕ್ಸೇಟ್ ಚುಚ್ಚುಮದ್ದು ಕೊಟ್ಟಿದ್ದರೆ ಕನಿಷ್ಠ ಮೂರು ತಿಂಗಳು.

ಪ್ರಯತ್ನ ಶುರುವಾಗುವ ಒಂದೆರಡು ತಿಂಗಳು ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಬಸಿರು ಗೊತ್ತಾದ ಮೇಲೆ ಶುರು ಮಾಡಿದರೆ ಕೂಸಿನ ಬೆನ್ನುಹುರಿ ಮುಚ್ಚುವ ವೇಳೆ, ಅಂದರೆ ಬಸಿರು ನಿಂತ ನಾಲ್ಕನೆಯ ವಾರ, ದಾಟಿರುತ್ತದೆ. ಮೂರ್ಛೆರೋಗದ ಗುಳಿಗೆ ನುಂಗುವವರು, ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿ ಹೆಚ್ಚಿನ ಪ್ರಮಾಣ ತೆಗೆದುಕೊಳ್ಳಬೇಕು. ಬಸಿರು ನಿಲ್ಲದಿದ್ದರೆ ಮೂವತ್ತೈದರೊಳಗಿನವರು ಒಂದು ವರ್ಷ, ಮೂವತ್ತೈದು ದಾಟಿದವರು ಆರು ತಿಂಗಳು ನೋಡಿ ವೈದ್ಯರ ಬಳಿ ಹೋಗಬೇಕು. ನಲವತ್ತಾದವರು ಕಾಯುವುದೇ ಬೇಡ. ಮೊದಲನೆಯದು ಸಲೀಸಾಗಿ ಆಗಿತ್ತು ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ನಡುವೆ ನಾಳ ಮುಚ್ಚಿರಬಹುದು, ನಮ್ಮ ದೇಶದಲ್ಲಿ ಅದಕ್ಕೆ ಕ್ಷಯವೂ ಒಂದು ಕಾರಣ. ಥೈರಾಯ್ಡ್ ಏರುಪೇರಾಗಿರಬಹುದು. ಲ್ಯಾಬುಗಳು ಪ್ಯಾಕೇಜಿನಲ್ಲಿ ಸೇರಿಸಿ ಮಾರುವ ಎಎಂಎಚ್ ಪರೀಕ್ಷೆ ಅಂಡಾಣು ಎಷ್ಟಿವೆ ಎಂಬುದರ ಅಂದಾಜು ಮಾತ್ರ. ಬಂಜೆತನದ ಹಿನ್ನೆಲೆ ಇಲ್ಲದ 30ರಿಂದ 44 ವಯಸ್ಸಿನ ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಎಂಎಚ್ ಕಡಿಮೆ ಇದ್ದವರೂ ಉಳಿದವರಷ್ಟೇ ಬಸಿರಾದರು. ಅದರ ಅಂಕಿ ನೋಡಿ ಅಳುವುದೂ ಬೇಡ, ಹೆಚ್ಚಿದೆ ಎಂದು ಇನ್ನೆರಡು ವರ್ಷ ಮುಂದೂಡುವುದೂ ಬೇಡ.

ಗಂಡನ ವೀರ್ಯಪರೀಕ್ಷೆ ಮೊದಲ ದಿನವೇ ಆಗಬೇಕು. ನಮ್ಮಲ್ಲಿ ಅದು ಹೆಂಡತಿಯ ನಾಳದ ಎಕ್ಸ್‌ರೇ, ಹಾರ್ಮೋನು ಎಲ್ಲ ಮುಗಿದು ವರ್ಷದ ಮೇಲೆ ಆಗುತ್ತದೆ, ಅದೂ ಅತ್ತೆ ಇಲ್ಲದ ಹೊತ್ತು ನೋಡಿ. ಎರಡರಿಂದ ಏಳು ದಿನ ಸಂಯಮ, ಒಂದು ಡಬ್ಬಿ, ಕೆಲವು ನೂರು ರೂಪಾಯಿ. ಒಂದು ಮಿಲಿಲೀಟರಿಗೆ 1.6 ಕೋಟಿ, ಚಲಿಸುವವು ಶೇ 42, ಇದು 2021ರ ವಿಶ್ವ ಆರೋಗ್ಯ ಸಂಸ್ಥೆಯ ಕೆಳಮಿತಿ. ಒಂದು ವರದಿ ಕೆಟ್ಟರೆ ಅದೇ ಕೊನೆಯಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಎರಡು ತಿಂಗಳ ಹಿಂದಿನ ಡೆಂಗಿ ಜ್ವರ ಇವತ್ತಿನ ವರದಿಯಲ್ಲಿ ಕಾಣುತ್ತದೆ. ಮೂರು ತಿಂಗಳು ಬಿಟ್ಟು, ಗುಟ್ಕಾ ಮತ್ತು ಸಿಗರೇಟು ಬಿಟ್ಟು, ಮತ್ತೆ ನೋಡಿಸಬೇಕು. ಗಂಡಸಿಗೆ ವಯಸ್ಸಿಲ್ಲ ಎಂಬುದೂ ಪೂರ್ತಿ ನಿಜವಲ್ಲ, ನಲವತ್ತರ ನಂತರ ಅವನ ಕಡೆಯಿಂದಲೂ ಕಾಯುವ ತಿಂಗಳು ಹೆಚ್ಚಾಗುತ್ತವೆ.

ಇನ್ನು, ಎರಡಾಗಿ ಸಾಕಾಗಿ ನಲವತ್ತು ದಾಟಿದವರದು. ಇನ್ನೇನು ಆಗುವುದಿಲ್ಲ ಎಂದು ಕಾಪರ್-ಟಿ ತೆಗೆಸಿ ಸುಮ್ಮನಾಗುತ್ತಾರೆ. ತಿಂಗಳಿಗೆ ಶೇ 5 ಎಂಬುದು ಬೇಕೆನ್ನುವವರಿಗೆ ಕಡಿಮೆ, ಬೇಡವೆನ್ನುವವರಿಗೆ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಮುಟ್ಟು ಏರುಪೇರಾಗುವ ಆ ವರ್ಷಗಳಲ್ಲಿ ಬಸಿರು ನಾಲ್ಕನೆಯ ತಿಂಗಳಿಗೆ ಗೊತ್ತಾಗುವುದೂ ಉಂಟು. ಐವತ್ತರೊಳಗೆ ಮುಟ್ಟು ನಿಂತರೆ ಕೊನೆಯ ಮುಟ್ಟಿನಿಂದ ಎರಡು ವರ್ಷ, ಐವತ್ತರ ನಂತರ ನಿಂತರೆ ಒಂದು ವರ್ಷ ತಡೆ ಮುಂದುವರಿಸಬೇಕು. ನಲವತ್ತು ತುಂಬಿದ ಮೇಲೆ ಹಾಕಿಸಿದ ಕಾಪರ್-ಟಿಯಾದರೆ ಅದನ್ನು ಬದಲಿಸುವ ಗೋಜಿಲ್ಲ, ಮುಟ್ಟು ನಿಂತು ಈ ಗಡುವು ಮುಗಿಯುವವರೆಗೂ ಅದೇ ಸಾಕು. ಆಮೇಲೆ ಮರೆಯದೆ ತೆಗೆಸಬೇಕು.